ಡಾಲರಿಗೊಂದು ಪುಟ, ರೂಪಾಯಿಗೊಂದು ಪುಟ

ನಾನು ಓದು ಬಿಟ್ಟಿದ್ದು ೧೯೯೪ರಲ್ಲಿ, ಎಂಟನೇ ಕ್ಲಾಸಿನ ನಡುವೆ. ಮಗ್ಗದ ಬೆಲ್ಟಿಗೆ ಅಪ್ಪನ ಕೈ ಸಿಕ್ಕಿದ ವಾರ. ಆಮೇಲೆ ಕಾಲು ಶತಮಾನ ಯಾವ ಮೇಷ್ಟ್ರ ಮುಂದೆಯೂ ಕೂತವನಲ್ಲ. ಮತ್ತೆ ಕೂತಿದ್ದು ಒಂದು ಕಂದು ಸ್ವೆಟರಿನ ಮುಂದೆ. ಬಲ ಮೊಣಕೈ ಮೇಜಿಗೆ ಉಜ್ಜಿ ಉಜ್ಜಿ ಅದರ ಹೆಣಿಗೆ ಬಿಚ್ಚಿಕೊಂಡು, ಒಳಗಿನ ಬಿಳಿ ಷರ್ಟು ಇಣುಕುತ್ತಿತ್ತು. ದೊಡ್ಡಬಳ್ಳಾಪುರದ ಏಪ್ರಿಲ್ ಬಿಸಿಲಿನಲ್ಲೂ ಅದು ಮೈಮೇಲೇ. ಕಂಪ್ಯೂಟರುಗಳಿಗೆ ತಂಪು ಬೇಕು ಅಂತ ಎ.ಸಿ. ಹಾಕಿಸಿದ್ದರು, ಆ ತಂಪು ಅವರಿಗೇ ಆಗುತ್ತಿರಲಿಲ್ಲ. "ಮಿಷನ್ನಿಗೆ ಆಗೋದು ಮನುಷ್ಯನಿಗೆ ಆಗಲ್ಲ ಕಣಪ್ಪಾ" ಅಂದುಕೊಂಡು ಫ್ಲಾಸ್ಕಿನಿಂದ ಬಿಸಿನೀರು ಗುಟುಕರಿಸುತ್ತಿದ್ದರು. ಊರವರು ಕಂಪ್ಯೂಟರ್ ಮೇಷ್ಟ್ರು ಅನ್ನುತ್ತಿದ್ದರು. ನಾನು ಬರೀ ಮೇಷ್ಟ್ರೇ ಅಂದೆ. ಜಗಳವಾದ ದಿನವೂ ಹಾಗೇ ಅಂದೆ.

ನಮ್ಮದು ವಿದ್ಯುತ್ ಮಗ್ಗದ ಮನೆ. ಹಿಂದೆ ಶೆಡ್ಡಿನಲ್ಲಿ ಮಗ್ಗ, ಮುಂದೆ ಸಂಸಾರ. ನಮ್ಮ ಬೀದಿಯ ಕೂಸುಗಳು ಮಗ್ಗದ ಸದ್ದಿಗೆ ಮಲಗುತ್ತವೆ, ಕರೆಂಟು ಹೋಗಿ ಸದ್ದು ನಿಂತರೆ ಎದ್ದು ಅಳುತ್ತವೆ. ಕೊರೊನಾ ವರ್ಷ ಆ ಸದ್ದು ನಿಂತುಹೋಯಿತು. ಬೆಂಗಳೂರಿನ ಪೇಟೆಯ ಸಾಹುಕಾರರು ಫೋನೇ ಎತ್ತಲಿಲ್ಲ. ನೇಯ್ದ ರೇಷ್ಮೆ ಸೀರೆ ಮಂಚದ ಮೇಲೆ ಪೇರಿಕೊಂಡು, ನಾವು ನೆಲದ ಮೇಲೆ ಮಲಗಿದೆವು. ಇನ್ನು ಗಿರಾಕಿಗೇ ನೇರ ಮಾರೋದು ಅಂತ ತೀರ್ಮಾನ ಮಾಡಿ, ಬಸ್‌ಸ್ಟ್ಯಾಂಡಿನ ಹಿಂದಿದ್ದ ಮೇಷ್ಟ್ರ ಕಂಪ್ಯೂಟರ್ ಸೆಂಟರಿನ ಮೆಟ್ಟಿಲು ಹತ್ತಿದೆ.

"ನನಗೆ ಓದು ಅಷ್ಟಕ್ಕಷ್ಟೇ ಮೇಷ್ಟ್ರೇ" ಅಂದೆ, ಕೂರುವ ಮೊದಲೇ.

ಅವರು ಕೀಬೋರ್ಡನ್ನು ನನ್ನ ಕಡೆ ತಳ್ಳಿದರು. "ಇದರಲ್ಲಿ ಅಕ್ಷರಗಳು ಸಾಲಾಗಿ ಇರಲ್ಲ, ಚೆಲ್ಲಾಪಿಲ್ಲಿ. ಎಂ.ಎ. ಮಾಡಿದೋನೂ ಮೊದಲ ದಿನ ಹುಡುಕಲೇಬೇಕು. ಹುಡುಕು."

ಆ ಮಾತಿಗೆ ನಾನು ಬಿದ್ದೆ. ಬ್ಯಾಂಕಿನಲ್ಲಿ, ತಾಲ್ಲೂಕು ಆಫೀಸಿನಲ್ಲಿ, ಕಡೆಗೆ ನನಗೆ ಹೆಣ್ಣು ನೋಡಲು ಹೋದಾಗಲೂ "ಎಷ್ಟು ಓದಿದೀರ?" ಅಂತ ಕೇಳಿಸಿಕೊಂಡವನು ನಾನು. ಅವರು ಕೇಳಲಿಲ್ಲ. ಸೀರೆಯ ಫೋಟೋ ಹೇಗೆ ತೆಗೆಯಬೇಕು, ಸೆರಗು ಯಾವ ಕಡೆ ಬೀಳಬೇಕು, ಗಿರಾಕಿ ಸಿಟ್ಟಿನಲ್ಲಿ ಬರೆದರೆ ಒಂದು ಲೋಟ ನೀರು ಕುಡಿದು ಆಮೇಲೆ ಉತ್ತರ ಕೊಡಬೇಕು ಅನ್ನುವುದನ್ನೆಲ್ಲ ಕಲಿಸಿದರು. ಅಂಗಡಿಯ ವೆಬ್‌ಸೈಟನ್ನು ಕಟ್ಟಿಕೊಟ್ಟವರೂ ಅವರೇ. "ಮೊದಲು ಮಾರಲಿ, ಆಮೇಲೆ ಫೀಸು" ಅಂದರು. ತಪ್ಪು ಒತ್ತಿದರೆ ಮಾತ್ರ ಬೆರಳಿನ ಗೆಣ್ಣಿಗೆ ಪೆನ್ನಿನಿಂದ ಟಕ್ ಅಂತ ಕೊಡುತ್ತಿದ್ದರು, ನಲವತ್ತು ದಾಟಿದ ನನಗೆ!

ಭಾನುವಾರ ನಮ್ಮ ಮನೆಗೆ ಊಟಕ್ಕೆ ಬರುವುದು ರೂಢಿಯಾಯಿತು. ಅವ್ವನ ಬಸ್ಸಾರು ಅಂದರೆ ಎರಡು ಮುದ್ದೆ. "ಆ ದರಿದ್ರ ಸ್ವೆಟರ್ ಬಿಚ್ಚೋ, ಮೊಣಕೈ ಹೊಲಿದುಕೊಡ್ತೀನಿ" ಅಂತ ಅವ್ವ ಬೈಯುತ್ತಿದ್ದಳು. "ಬಿಚ್ಚಿದ್ರೆ ನೀನು ವಾಪಸ್ ಕೊಡಲ್ಲವ್ವಾ" ಅಂತ ಇವರು. ಒಂದು ಭಾನುವಾರ ಅವ್ವ ಚರಕದ ಮುಂದೆ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಲಾಳಿಯೊಳಗೆ ಕೂರುವ ಚಿಕ್ಕ ಕಡ್ಡಿಗೆ ಕಂಡಿಕೆ ಅನ್ನುತ್ತೇವೆ. ಕಿಟಕಿಯ ಬೆಳಕು ಅವಳ ಬಿಳಿ ಕೂದಲ ಮೇಲೆ ಬಿದ್ದಿತ್ತು. ಮೇಷ್ಟ್ರು ಫೋಟೋ ತೆಗೆದರು.

"ನನ್ನ ಮೂತಿ ಯಾಕೋ, ಸೀರೆ ತೆಗಿ."

"ಸೀರೆಗಿಂತ ಇದೇ ಚೆನ್ನಾಗಿದೆ ಕಣವ್ವಾ."

ಮೂರನೇ ವರ್ಷಕ್ಕೆ ಹೊರದೇಶದವರು ವಿಚಾರಿಸತೊಡಗಿದರು. "ನಮ್ಮ ದುಡ್ಡಲ್ಲಿ ಎಷ್ಟಾಗುತ್ತೆ?" ಅಂತ ಅವರು ಕೇಳುವುದು, ನಾನು ಮಗ್ಗ ನಿಲ್ಲಿಸಿ ಅವತ್ತಿನ ರೇಟು ಹುಡುಕಿ ಗುಣಿಸಿ ಕಳಿಸುವುದು, ಅಷ್ಟರಲ್ಲಿ ಅಲ್ಲಿ ಕತ್ತಲಾಗಿ ಅವರು ಮಲಗಿರುವುದು. ಬೆಳಗ್ಗೆ ಎದ್ದರೆ ರೇಟೂ ಬೇರೆ, ಅವರ ಮನಸ್ಸೂ ಬೇರೆ. ಮೇಷ್ಟ್ರಿಗೆ ಹೇಳಿದೆ.

"ಅದಕ್ಯಾಕೆ ಒದ್ದಾಡ್ತೀಯಾ? ಸೈಟಿಗೇ ಕಲಿಸಿಬಿಡೋಣ" ಅಂದರು. "ಸಿಡ್ನಿಯಿಂದ ತೆಗೆದರೆ ಅಲ್ಲಿನ ಡಾಲರು, ದುಬೈನಿಂದ ತೆಗೆದರೆ ದಿರ್ಹಾಮು. ದಿನಾ ಬೆಳಗ್ಗೆ ರೇಟು ತಾನೇ ಬದಲಾಗುತ್ತೆ."

"ನಾನು ನೋಡಬೇಕಾದ್ರೆ?"

"ನೀನು ದೊಡ್ಡಬಳ್ಳಾಪುರದಲ್ಲಿ ಕೂತು ನೋಡಿದ್ರೆ ರೂಪಾಯಿನೇ ಕಾಣೋದು. ಡಾಲರ್ ನೋಡೋ ಆಸೆ ಇದ್ರೆ ದೇವನಹಳ್ಳಿಗೆ ಹೋಗಿ ವಿಮಾನ ಹತ್ತು ಗುರು."

ಇಬ್ಬರೂ ನಕ್ಕೆವು. ನನ್ನ ಬ್ಯಾಂಕಿನ ಕಾಗದಪತ್ರ ಆಗುವ ತನಕ ಹೊರದೇಶದ ಹಣ ಅವರ ಖಾತೆಗೇ ಬರಲಿ ಅಂದರು, ಒಪ್ಪಿದೆ. ನಾನಿಟ್ಟ ಬೆಲೆ ರೂಪಾಯಿಯಲ್ಲಿ ತಪ್ಪದೆ ನನಗೆ ಬಂತು. ನೋಡನೋಡುತ್ತಾ ಆರ್ಡರು ಏರಿತು. ನಾನು ದಿನಾ ಬೆಳಗ್ಗೆ ಫೋನಿನಲ್ಲಿ ನನ್ನ ಅಂಗಡಿಯನ್ನು ತೆರೆದು, ದೇವರ ಪಟಕ್ಕೆ ಕೈಮುಗಿದ ಹಾಗೆ ಒಂದು ಸಲ ನೋಡುತ್ತಿದ್ದೆ. ರೂಪಾಯಿ ಬೆಲೆ, ಸೀರೆಯ ಬಣ್ಣ, ಕೆಳಗೆ 'ಪವರ್‌ಲೂಮ್ ರೇಷ್ಮೆ' ಅನ್ನುವ ನನ್ನದೇ ಮಾತು. ಎಲ್ಲ ಸರಿಯಾಗೇ ಇತ್ತು.

ಒಂದು ದಿನ ಮನೆ ಮುಂದೆ ಟ್ಯಾಕ್ಸಿ ನಿಂತಿತು. ಸಿಡ್ನಿಯಲ್ಲಿ ನೆಲೆಸಿದ ಹೆಂಗಸು, ಮೈಸೂರು ಕಡೆಯವರು, ಮಗಳ ಮದುವೆಗೆ ನಮ್ಮಲ್ಲಿ ಐದು ಸೀರೆ ತರಿಸಿಕೊಂಡಿದ್ದವರು. ವಿಮಾನ ಇಳಿದು ನೇರ ನಮ್ಮ ಮನೆಗೇ ಬಂದಿದ್ದರು. ಕೈಯಲ್ಲಿ ಹಣ್ಣಿನ ಬುಟ್ಟಿ, ಒಂದು ಶಾಲು. ಅವ್ವನನ್ನು ಕಂಡವರೇ ಕಾಲಿಗೆರಗಿದರು.

"ಅಜ್ಜೀ, ನಿಮ್ಮ ಕೈ ಕೊಡಿ. ಈ ಕೈಯಲ್ಲೇ ನೇಯ್ತೀರಲ್ಲ, ಮುಟ್ಟಬೇಕು ಅಂತಲೇ ಬಂದೆ. ನೀವು ನೇಯೋ ಕೈಮಗ್ಗ ಎಲ್ಲಿದೆ?"

ಅವ್ವ ನನ್ನ ಮುಖ ನೋಡಿದಳು. "ನಾನು ಸೀರೆ ನೇಯ್ದೋಳಲ್ಲ ತಾಯಿ, ಕಂಡಿಕೆ ಸುತ್ತಿದೋಳು. ನೇಯೋದು ಕರೆಂಟು."

ಹಿಂದೆ ಶೆಡ್ಡಿನಲ್ಲಿ ಮಗ್ಗಗಳು ಧಡಧಡ ಅನ್ನುತ್ತಲೇ ಇದ್ದವು. ಆಯಮ್ಮನ ಮುಖ ಸಣ್ಣದಾಯಿತು. ಫೋನು ತೆಗೆದು ನನ್ನ ಕೈಗಿಟ್ಟರು. ಅದರಲ್ಲಿ ಇನ್ನೂ ಆ ದೇಶದ ಸಿಮ್ಮೇ ಇತ್ತು, ಹಾಗಾಗಿ ಸೈಟು ಅವರನ್ನು ಇನ್ನೂ ಸಿಡ್ನಿಯವರು ಅಂತಲೇ ತಿಳಿದಿತ್ತು. ನನ್ನದೇ ಅಂಗಡಿ, ನನ್ನದೇ ಸೀರೆ. ಮೇಲೆ ಮಾತ್ರ ಚರಕದ ಮುಂದೆ ಕೂತ ನಮ್ಮವ್ವ. ಕೆಳಗೆ ಇಂಗ್ಲಿಷ್ ಬರಹ. ನನಗೆ ಇಂಗ್ಲಿಷ್ ಓಡುವುದಿಲ್ಲ, ಆದರೆ 'ಹ್ಯಾಂಡ್‌ಲೂಮ್' ಅನ್ನುವ ಅಕ್ಷರಗಳನ್ನು ವಿದ್ಯುತ್ ಮಗ್ಗದವನು ನಿದ್ದೆಯಲ್ಲೂ ಗುರುತು ಹಿಡಿಯುತ್ತಾನೆ. ಅದನ್ನು ನಮ್ಮ ಬಟ್ಟೆಯ ಮೇಲೆ ಬರೆಯುವುದು ಎಂಥ ತಪ್ಪು ಅಂತ ನಮಗೆ ಗೊತ್ತು. ಮಿಕ್ಕಿದ್ದನ್ನು ಆಯಮ್ಮನೇ ಓದಿ ಹೇಳಿದರು: ಈ ಅಜ್ಜಿ ಒಂದೊಂದು ಸೀರೆಯನ್ನೂ ತಿಂಗಳುಗಟ್ಟಲೆ ಕೂತು ಕೈಯಲ್ಲೇ ನೇಯುತ್ತಾಳೆ, ಇವಳ ನಂತರ ಈ ಕಲೆ ಬಲ್ಲವರು ಮನೆಯಲ್ಲಿ ಯಾರೂ ಇಲ್ಲ. ಬೆಲೆ ಡಾಲರಿನಲ್ಲಿತ್ತು. ಲೆಕ್ಕ ಹಾಕಿದೆ. ಅವತ್ತಿನ ರೇಟಿಗೆ ಬರಬೇಕಾದ್ದಕ್ಕಿಂತ ಮೂರು ಪಟ್ಟು.

"ನನ್ನ ಮಗಳು ಮಂಟಪದಲ್ಲಿ ನಿಂತು ಎಲ್ಲರಿಗೂ ಈ ಅಜ್ಜಿ ಕಥೆ ಹೇಳಿದ್ಲು" ಅಂದರು. ಬೈದಿದ್ದರೆ ಚೆನ್ನಾಗಿತ್ತು. ಹೊರಡುವಾಗ ಶಾಲನ್ನು ಅವ್ವನ ಹೆಗಲಿಗೆ ಹಾಕಿ, "ನಿಮ್ಮದೇನೂ ತಪ್ಪಿಲ್ಲ" ಅಂದರು. ಆ ಮಾತು ಅವ್ವನಿಗೆ. ನನ್ನ ಕಡೆ ತಿರುಗಲಿಲ್ಲ. ಅವ್ವ ಆ ಶಾಲನ್ನು ಒಂದು ದಿನವೂ ಹೊದೆಯಲಿಲ್ಲ.

ಸೆಂಟರಿಗೆ ಹೋದೆ.

"ಮೇಷ್ಟ್ರೇ, ನಮ್ಮವ್ವ ಯಾವಾಗ ನೇಯ್ದಳು?"

ಅವರು ಗಾಬರಿಯಾಗಲಿಲ್ಲ. "ಕೂತ್ಕೋ, ಟೀ ತರಿಸ್ತೀನಿ."

"ಟೀ ಬ್ಯಾಡ. ಹೇಳಿ."

"ಡಾಲರ್ ಕೊಡೋರು ಬಟ್ಟೆ ಕೊಳ್ಳಲ್ಲಪ್ಪಾ, ಕಥೆ ಕೊಳ್ತಾರೆ. ಮಾಲು ಹೋಯ್ತೋ ಇಲ್ವೋ? ನಿನ್ನ ರೇಟಿಗೆ ಒಂದು ರೂಪಾಯಿ ಕಮ್ಮಿ ಬಂತಾ?"

"ನಮ್ಮ ಮಗ್ಗದ ಸದ್ದು ನನಗೆ ನಾಚಿಕೆ ಅಲ್ಲ ಮೇಷ್ಟ್ರೇ. ನನ್ನ ಹೆಸರಲ್ಲಿ ಸುಳ್ಳು ಯಾಕೆ ಹೇಳಿದ್ರಿ? ಅವ್ವನ ಕೈಯಲ್ಲಿ ಉಂಡು ಅವಳನ್ನೇ ಮಾರಿದ್ರಲ್ಲಾ!"

ಆಗ ಅವರಿಗೂ ಸಿಟ್ಟು ಬಂತು. ಸ್ವೆಟರಿನ ತೋಳು ಮೇಲಕ್ಕೆಳೆದುಕೊಂಡರು. "ನಾನೇನು ಗುಟ್ಟಾಗಿ ಇಟ್ಟಿದ್ನಾ? ಲೋಕಕ್ಕೆಲ್ಲ ಕಾಣೋ ಹಾಗೆ ಬರೆದಿದೀನಿ. ನೀನು ನಾಲ್ಕಕ್ಷರ ಓದಿದ್ದಿದ್ರೆ ಯಾವತ್ತೋ ಗೊತ್ತಾಗ್ತಿತ್ತು."

ಮಿಕ್ಕ ಡಾಲರು ಎಲ್ಲಿ ಹೋಯಿತು ಅಂತ ಕೇಳಲು ಬಂದವನು ಅದನ್ನು ಅಲ್ಲಿಗೇ ಬಿಟ್ಟೆ. ನಾನು ಓದಿಲ್ಲ ಅನ್ನುವುದು ಯಾರು ಬೇಕಾದರೂ ಆಡಬಹುದಾಗಿದ್ದ ಮಾತು, ಊರಲ್ಲಿ ಆಡದವರೇ ಕಮ್ಮಿ. ಇವರೊಬ್ಬರು ಆಡುವವರಲ್ಲ ಅಂತಲೇ ನಾನು ಇವರ ಹತ್ತಿರ ಕಲಿತಿದ್ದು. "ಸೈಟಿನ ಬೀಗದ ಕೈ ಕೊಡಿ" ಅಂದೆ. ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದು ಮೇಜಿನ ಮೇಲೆ ತಳ್ಳಿದರು. ನಾನು ಅವರನ್ನು ಕಂಡಿದ್ದು ಅದೇ ಕೊನೆ.

ಆ ವಾರವೇ ಸೈಟಿನಿಂದ ಅವ್ವನ ಫೋಟೋ ತೆಗೆಸಿಹಾಕಿದೆ. ಯಾವ ದೇಶದಿಂದ ತೆಗೆದರೂ, ಯಾವ ದುಡ್ಡಲ್ಲಿ ಬೆಲೆ ಕಂಡರೂ, ಕೆಳಗೆ ಒಂದೇ ಮಾತು ಬರುವ ಹಾಗೆ ಮಾಡಿಸಿದೆ: ವಿದ್ಯುತ್ ಮಗ್ಗದಲ್ಲಿ ನೇಯ್ದದ್ದು. ಹೊರದೇಶದಲ್ಲಿ ಕೊಂಡವರಿಗೆಲ್ಲ ನಿಜ ಬರೆದು, ಬೇಡವಾದರೆ ವಾಪಸು ಕಳಿಸಿ, ಪೂರ್ತಿ ಹಣ ಕೊಡುತ್ತೇನೆ ಅಂದೆ. ಕೆಲವರು ಕಳಿಸಿದರು. ಒಂದು ಮಗ್ಗ ಮಾರಿ ಕೊಟ್ಟೆ. ಮೇಷ್ಟ್ರ ಹತ್ತಿರ ಹಣ ಕೇಳಲಿಲ್ಲ. ಸಿಡ್ನಿಯವರು ಉತ್ತರ ಬರೆಯಲೇ ಇಲ್ಲ.

ಹೋದ ವರ್ಷ ಮೇಷ್ಟ್ರು ತೀರಿಕೊಂಡರು. ಸೆಂಟರು ಮುಚ್ಚಿ ಸ್ವಂತ ಊರು ತ್ಯಾಮಗೊಂಡ್ಲು ಸೇರಿದ್ದರಂತೆ, ಉಬ್ಬಸ ಹೆಚ್ಚಾಗಿತ್ತಂತೆ. ಅವ್ವ "ಹೋಗಿಬಾರೋ, ನಮ್ಮನೇಲಿ ಉಂಡೋನು" ಅಂದಳು. ತಿಥಿಯ ದಿನ ಹೋದೆ. ಅವರ ಹೆಂಡತಿ ನನ್ನ ಗುರುತು ಹಿಡಿದು, "ಕಲಿತೋರಲ್ಲೆಲ್ಲ ನಿಮ್ಮನ್ನೇ ಹೇಳೋರು, ಏನು ಹೇಳಿಕೊಟ್ರೂ ಎರಡನೇ ಸಲ ಕೇಳ್ತಿರಲಿಲ್ಲ ಅಂತ" ಅಂದರು. ನಾನು ತಲೆ ತಗ್ಗಿಸಿ ಊಟ ಮಾಡಿದೆ. ಕ್ಷಮಿಸಿದೆ ಅಂತ ಬರೆದರೆ ಸುಳ್ಳಾಗುತ್ತದೆ. ಆದರೆ ಇದನ್ನು ನಾನೇ ಕೂತು ಟೈಪ್ ಮಾಡಿದ್ದೇನೆ, ಹತ್ತೂ ಬೆರಳಲ್ಲಿ, ಕೀಬೋರ್ಡು ನೋಡದೆ. ಆ ವಿದ್ಯೆ ಅವರದು. ಅದನ್ನು ವಾಪಸು ಕೊಡುವ ದಾರಿ ನನಗೆ ತಿಳಿಯದು.

ಈಗ ನನಗಿರುವುದು ಐದು ಮಗ್ಗ, ಒಂದು ಕೆಟ್ಟು ನಿಂತಿದೆ. ಇಬ್ಬರು ಹೆಣ್ಣುಮಕ್ಕಳು, ಇಬ್ಬರೂ ಓದುತ್ತಿದ್ದಾರೆ. ಅವ್ವ ಇದ್ದಾಳೆ. ಬ್ಯಾಂಕಿನಲ್ಲಿ ನನ್ನ ಹೆಸರಿನದೇ ಒಂದು ಖಾತೆ. ಹೊರದೇಶದ ಗಿರಾಕಿಗಳು ತಿಂಗಳಿಗೆ ಇಬ್ಬರೋ ಮೂವರೋ, ಒಂದೊಂದು ತಿಂಗಳು ಯಾರೂ ಇಲ್ಲ.