ಹೊಸ್ತಿಲ ಮುಂದಿನ ಉಪ್ಪು

ಐನಾಪುರದ ಗಂಗಾ ಕೆನಡಾಕ್ಕೆ ಹೋಗಿ ಮೊದಲು ಮಾಡಿದ ಘನಕಾರ್ಯವೆಂದರೆ ಪಕ್ಕದ ಮನೆಯ ಮುದುಕಿಯ ಕೈ ಮುರಿದದ್ದು. ಹೊಡೆದಲ್ಲ, ನೀರು ಹಾಕಿ.

ಊರಲ್ಲಿ ಈ ಮಾತನ್ನು ಯಾರೂ ಹೇಳುವುದಿಲ್ಲ. ಅವಳ ಅತ್ತೆ ರುಕ್ಮವ್ವ ಸಂತೆಯಲ್ಲಿ, ಬಸ್ಸಿನಲ್ಲಿ, ದ್ರಾಕ್ಷಿ ತೋಟದಲ್ಲಿ ಹೇಳುವುದು ಒಂದೇ: "ನನ್ನ ಮಗಾ ಸೊಸಿ ಫಾರಿನ್‌ದಾಗ ಅದಾರ." ಇದ್ದಾರೆ, ಸುಳ್ಳಲ್ಲ. ವಿನಿಪೆಗ್ ಎಂಬ ಊರಿನಲ್ಲಿ, ನೆಲದ ಮಟ್ಟಕ್ಕಿಂತ ಕೆಳಗಿರುವ ಎರಡು ಕೋಣೆಗಳಲ್ಲಿ, ಕಿಟಕಿಯಿಂದ ನೋಡಿದರೆ ಹೋಗಿ ಬರುವವರ ಬೂಟು ಮಾತ್ರ ಕಾಣುವಂತೆ ಇದ್ದಾರೆ. ಉಗಾರದ ಕಾರ್ಖಾನೆಯಲ್ಲಿ ವೆಲ್ಡರ್ ಆಗಿದ್ದ ಗಂಡ ದುಂಡೇಶ ಅಲ್ಲೂ ವೆಲ್ಡರ್. ಮಗಳು ಸ್ನೇಹಲ ಕಂಬಳಿ ಅಂಗಡಿಯನ್ನೇ ಮೈಮೇಲೆ ಹೇರಿಕೊಂಡವಳಂತೆ ಶಾಲೆಗೆ ಹೋಗುತ್ತಾಳೆ.

ಮನೆ ಮಾಲೀಕ ನಮ್ಮ ದೇಶದವನೇ, ಹಿಂದಿ ಮಾತಾಡುವವನು, ಬಹಳ ಹಿಂದೆ ಹೋಗಿ ನೆಲೆಯಾದವನು. ಚಳಿಗಾಲ ಶುರುವಾಗುತ್ತಲೇ ಬಾಗಿಲಿಗೆ ಒಂದು ಚೀಲ ಉಪ್ಪು ತಂದಿಟ್ಟು, "ದಿನಾ ಬೆಳಿಗ್ಗೆ ಮೆಟ್ಟಿಲ ಮೇಲೆ ಚೆಲ್ಲಿ" ಎಂದು ಹೋದ. ಯಾಕೆಂದು ಹೇಳುವ ತಾಳ್ಮೆ ಅವನಿಗಿರಲಿಲ್ಲ. ಕೇಳುವ ಧೈರ್ಯ ಗಂಗಾಗೆ ಇನ್ನೂ ಬಂದಿರಲಿಲ್ಲ.

ಉಪ್ಪನ್ನು ತುಳಿಯುವುದುಂಟೆ? ಒಂದು ಹರಳು ನೆಲಕ್ಕೆ ಬಿದ್ದರೂ ಬೆರಳಿನಿಂದ ಒತ್ತಿ ಎತ್ತಿ ನೀರಿಗೆ ಬಿಡುವ ಮನೆಯವಳು ಅವಳು. ಚೀಲವನ್ನು ಒಳಗೆ ಹೊತ್ತು ತಂದು, ಅರಿಶಿನ ಕುಂಕುಮ ಹಚ್ಚಿ, ಅಡುಗೆಮನೆಯ ಮೂಲೆಯಲ್ಲಿ ಲಕ್ಷ್ಮಿಯ ಹಾಗೆ ಕೂರಿಸಿದಳು.

ಇನ್ನು ಹೊಸ್ತಿಲು. ಬೆಳಗಾದರೆ ಅಂಗಳಕ್ಕೆ ನೀರು ಚಿಮುಕಿಸದೆ, ಊರಿನ ಮಾತಲ್ಲಿ ಥಳಿ ಹೊಡೆಯದೆ, ಒಲೆ ಹಚ್ಚಿ ಅವಳಿಗೆ ಗೊತ್ತಿಲ್ಲ. ಬಂದ ಹೊಸದರಲ್ಲಿ ಯಾರೇನು ಅಂದಾರೋ ಎಂದು ಬಿಟ್ಟಿದ್ದಳು. ಸಂಕ್ರಾಂತಿಯ ಮುಂಜಾನೆ ಮನಸ್ಸು ತಡೆಯಲಿಲ್ಲ. ಒಂದು ಬಕೆಟ್ ಬಿಸಿನೀರು ತಂದು ಮೆಟ್ಟಿಲಿಗೂ, ಮೇಲಿನ ಕಾಲುದಾರಿಗೂ ಹೊಡೆದಳು. ಹಿಮ ಕರಗಿ ಕಲ್ಲು ಕಂಡಿತು. ಎಷ್ಟು ಚೆಂದವಾಯಿತೆಂದು ಒಳಗೆ ಹೋಗಿ ಚಹಾಕ್ಕಿಟ್ಟಳು. ಚಹಾ ಕುದಿಯುವಷ್ಟರಲ್ಲಿ ಹೊರಗಿನ ನೀರು ಕನ್ನಡಿಯಾಗಿತ್ತು. ಆ ಕನ್ನಡಿಯ ಮೇಲೆ ಪಕ್ಕದ ಮನೆಯ ಹೆಲೆನ್ ಕಾಲಿಟ್ಟಳು.

ಆಂಬುಲೆನ್ಸ್ ಬಂದು ಹೋಯಿತು. ಸಂಜೆ ಮಾಲೀಕ ಬಂದ, ಬೂಟು ಸಹಿತ ಒಳಗೆ.

"ನೀರು ಹಾಕಿದ್ದು ನೀನು ಅಂತ ಯಾರೂ ನೋಡಿಲ್ಲ. ಮೇಲಿನ ಕೋಣೆಯ ಸೆಲಾಮ್ ಚೆಲ್ಲಿದಳು ಅಂತ ಹೇಳು. ಅವಳು ನೆಲ ಒರೆಸುವವಳು, ಕೈಯಲ್ಲಿ ಯಾವಾಗಲೂ ಬಕೆಟ್ ಇರುತ್ತೆ, ಎಲ್ಲರೂ ನಂಬ್ತಾರೆ. ನಮ್ಮವರ ಹೆಸರು ಕೆಡಿಸಬೇಡ. ಬೇರೆ ಏನಾದರೂ ಬಾಯಿ ಬಿಟ್ಟರೆ ತಿಂಗಳ ಕೊನೆಗೆ ಮನೆ ಖಾಲಿ ಮಾಡು."

ಸೆಲಾಮ್ ಎರಿಟ್ರಿಯಾ ದೇಶದವಳು, ಒಂಟಿ ಹೆಂಗಸು, ಇವರಿಗಿಂತಲೂ ಈಚೆಗೆ ಬಂದವಳು. ಕೇಳುವವರಿಲ್ಲ. ಅದಕ್ಕೇ ಅವಳ ಹೆಸರು. "ನಮ್ಮವರು" ಎಂಬ ಮಾತು ಇಂಥವರಿಗೆ ನೆನಪಾಗುವುದೇ ಇನ್ನೊಬ್ಬರನ್ನು ತುಳಿಯುವ ಹೊತ್ತಿನಲ್ಲಿ. ಬಾಡಿಗೆ ಕೋಣೆಗೆ ಗಾಳಿ ಬೆಳಕು ಕೊಡುವಾಗ ಅವರಿಗೆ ಯಾರೂ ನಮ್ಮವರಲ್ಲ.

ಅವನು ಹೋದ ಮೇಲೆ ದುಂಡೇಶ ತಲೆ ಮೇಲೆ ಕೈಹೊತ್ತು ಕೂತ.

"ಅಂವ ಹೇಳಿದಂಗ ಹೇಳಿಬಿಡು ಗಂಗಾ. ಈ ಥಂಡ್ಯಾಗ ಕೂಸಿನ ಕರ್ಕೊಂಡ ಎಲ್ಲಿ ಹೋಗೂಣು?"

"ಮ್ಯಾಲಿನಾಕಿ ಎಲ್ಲಿ ಹೋಗ್ಬೇಕ್ರಿ?"

"ಆಕಿ ಏನ ನಮಗ ಬೀಗರಾ?"

"ನಮ್ಮಪ್ಪನೂ ಇದ ಮಾತ ಅಂದಿದ್ದ. ನಮ್ಮ ಹೊಲದಾಗಿನ ಪಂಪಿನ ಕೇಬಲ್ ಕಳದಾಗ. ಕಬ್ಬು ಕಡ್ಯಾಕ ಬಂದ ಗ್ಯಾಂಗಿನವರೇನ ನಮಗ ಬೀಗರಾ, ಬಿಚ್ಚಸ್ರಿ ಅವರ ಗಂಟ ಅಂತ."

ಆ ಕಥೆ ದುಂಡೇಶನಿಗೆ ಗೊತ್ತು, ಊರಿಗೇ ಗೊತ್ತು. ಬದುವಿನ ಗುಡಿಸಲುಗಳಿಂದ ಹೆಂಗಸರ ಸೀರೆ, ಮಕ್ಕಳ ಅಂಗಿ, ಹಿಟ್ಟಿನ ಡಬ್ಬಿ ಎಲ್ಲ ಹೊರಗೆ ಸುರಿಸಿದರು. ಕೇಬಲ್ ಕಡೆಗೆ ಸಿಕ್ಕದ್ದು ಗಂಗಾಳ ಚಿಕ್ಕಪ್ಪನ ಶೆಡ್ಡಿನಲ್ಲಿ. ತಪ್ಪಾಯಿತೆಂದು ಒಬ್ಬರೂ ಅನ್ನಲಿಲ್ಲ. ಆ ಗ್ಯಾಂಗಿನವರು ಬಾರದಿದ್ದರೆ ನಮ್ಮ ಕಬ್ಬು ನಿಂತಲ್ಲೇ ಒಣಗುತ್ತದೆ. ಆದರೂ ಇಂದಿಗೂ ಊರಲ್ಲಿ ಏನು ಕಳೆದರೂ ಮೊದಲು ಬಿಚ್ಚಿಸುವುದು ಅವರ ಗಂಟನ್ನೇ. ಇಂಥ ಊರಿನಿಂದ ಹೋಗಿ ಪರದೇಶದಲ್ಲಿ ಮರ್ಯಾದೆ ಕೇಳುವವರು ನಾವು!

"ಖಾಲಿ ಮಾಡ್ಸಿದ್ರ?" ಎಂದ ದುಂಡೇಶ.

"ಮಾಡಸ್ಲಿ. ವೆಲ್ಡಿಂಗ ನಿಮ್ಮ ಕೈಯಾಗ ಐತಿ, ರೊಟ್ಟಿ ನನ್ನ ಕೈಯಾಗ ಐತಿ. ಹೆದರಿ ಕೂಡಾಕ ಇಷ್ಟ ದೂರ ಬರಬೇಕಿತ್ತೇನ್ರಿ?"

ಮರುದಿನ ಹೆಲೆನ್ ಪ್ಲಾಸ್ಟರ್ ಕೈಯೊಂದಿಗೆ ಮನೆಗೆ ಬಂದಳು. ಗಂಗಾ ಹೋಗಿ ಬಾಗಿಲು ತಟ್ಟಿ, ಇದ್ದಬದ್ದ ಇಂಗ್ಲಿಷನ್ನೆಲ್ಲ ಕೂಡಿಸಿ ಹೇಳಿದಳು: "ನೀರು ನಾನು ಹಾಕಿದೆ. ನಾನೇ."

ಮುದುಕಿ ಕ್ಷಮಿಸಿದಳು, ಅಪ್ಪಿಕೊಂಡಳು ಎಂದೆಲ್ಲ ತಿಳಿಯಬೇಡಿ. ಕೆಂಡವಾದಳು.

"ಜನವರಿಯಲ್ಲಿ ನೀರು ಹಾಕ್ತಾರಾ? ಬುದ್ಧಿ ಇಲ್ಲವಾ ನಿನಗೆ?"

"ಇರಲಿಲ್ಲ. ನಿನ್ನೆ ಬಂತು."

"ಉಪ್ಪು ಎಲ್ಲಿ? ಉಪ್ಪು ಹಾಕಿದರೆ ತಾನೇ ನೀರು ಗಡ್ಡೆ ಕಟ್ಟದೆ ಇರೋದು!"

"ಅಡುಗೆಮನೆಯಲ್ಲಿದೆ. ಪೂಜೆ ಮಾಡಿದ್ದೇನೆ."

ಹೆಲೆನ್ ಅವಳ ಮುಖವನ್ನೇ ನೋಡಿದಳು. ನಗು ಬಂತು. ನಕ್ಕದ್ದಕ್ಕೆ ಕೈ ನೋಯಿತು. ನೋವಿಗೆ ಮತ್ತಷ್ಟು ಬೈದಳು. ಕಡೆಗೆ ತೀರ್ಪು ಕೊಟ್ಟಳು: "ಈ ಕೈ ಕೂಡುವವರೆಗೆ ನನ್ನ ಮೆಟ್ಟಿಲೂ ನಿನ್ನದೇ."

ಗಂಗಾಗೆ ಬೇಕಾದದ್ದೂ ಅದೇ, ಬೆಳಗಿನ ಹೊತ್ತು ಹೊಸ್ತಿಲ ಮುಂದೆ ಒಂದು ಕೆಲಸ. ಮರುದಿನ ಸಲಿಕೆಯಿಂದ ಹಿಮ ಎತ್ತಿ ಹಾಕಿದಳು. ನೋಡಿದರೆ ಬೀದಿಯುದ್ದಕ್ಕೂ ಜನ ಅದನ್ನೇ ಮಾಡುತ್ತಿದ್ದರು, ತಮ್ಮ ತಮ್ಮ ಬಾಗಿಲಿನ ಮುಂದೆ. ಸೆಲಾಮ್ ಕೂಡ ಇನ್ನೊಂದು ಸಲಿಕೆ ಹಿಡಿದು ಬಂದಳು. ತನ್ನ ತಲೆಗೆ ಏನು ಕಟ್ಟಲಿದ್ದರೆಂದು ಅವಳಿಗೆ ಗೊತ್ತಿರಲಿಲ್ಲ. ಗಂಗಾ ಹೇಳಲೂ ಇಲ್ಲ.

ಉಪ್ಪು ಚೆಲ್ಲುವಾಗ ವಿಡಿಯೋ ಕಾಲಿನಲ್ಲಿ ರುಕ್ಮವ್ವ ಹೌಹಾರಿದಳು.

"ಏನ ಮಾಡಾಕತ್ತಿ ಬೇ ಗಂಗಾ? ಮಂದಿ ಕಾಲಾಗ ಉಪ್ಪ ತುಳಸ್ತಿ? ಲಕ್ಷ್ಮಿ ಅಕಿ!"

"ಹೌದ್ರಿ ಅತ್ತಿ, ಲಕ್ಷ್ಮೀನ. ಬಂದವರು ಬೀಳಬಾರ್ದಂತ ಬಾಗಲದಾಗ ನಿಲ್ಲಸೀನ್ರಿ. ಇಲ್ಲಿ ಥಳಿ ಅಂದ್ರ ಇದ."

ಅತ್ತೆ ಯೋಚಿಸಿದಳು. "ಹಂಗಾದ್ರ ಮೊದಲ ಒಂದ ಚಿವಟಿ ತಗದ ಡಬ್ಬ್ಯಾಗ ಇಡು. ಅಕೀನ ಪೂರಾ ಹೊರಗ ಹಾಕಬ್ಯಾಡ."

"ಆತ್ರಿ."

ಗಂಗಾ ಒಪ್ಪಿಕೊಂಡದ್ದು ಕಿವಿಗೆ ಬಿದ್ದು, ತಿಂಗಳ ಕೊನೆಗೆ ಮಾಲೀಕ ಹೇಳಿದಂತೆಯೇ ಬಂದ. ಮನೆ ಖಾಲಿ ಮಾಡುವ ಮಾತು ತೆಗೆಯುತ್ತಲೇ ಹೆಲೆನ್ ತನ್ನ ಬಾಗಿಲಿನಿಂದ ಪ್ಲಾಸ್ಟರ್ ಕೈ ಎತ್ತಿದಳು.

"ಇವರು ಹೋದರೆ ನನ್ನ ಮೆಟ್ಟಿಲಿಗೆ ಸಲಿಕೆ ಹಿಡಿದು ನೀನು ಬರ್ತೀಯಾ? ಬೆಳಗಾಗುವ ಮೊದಲೇ ಬರಬೇಕು. ದಿನಾ!"

ಅವನು ತನ್ನ ಹೊಳೆಯುವ ಬೂಟು ನೋಡಿಕೊಂಡ, ಮುದುಕಿಯನ್ನು ನೋಡಿದ, ಮುಂದಿನ ಮಾತನ್ನು ನುಂಗಿದ. ಅವನು ವಾಪಸು ಹೊರಟಾಗ ಗಂಗಾ ಅವನ ಮುಂದಿನ ದಾರಿಗೆ ಒಂದು ಮುಷ್ಟಿ ಉಪ್ಪು ಹೆಚ್ಚೇ ಚೆಲ್ಲಿದಳು.

"ಸಾವಕಾಶ ಹೋಗ್ರಿ," ಎಂದಳು, ಅವನಿಗೆ ಅರ್ಥವಾಗಲಿ ಬಿಡಲಿ. ಬೀಳಬಾರದಲ್ಲ. ಅವನೂ ನಮ್ಮವನೇ.