ನಿಂತಂತೆ ಕಂಡ ಚಕ್ರ

ಗುಬ್ಬಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಅವರ ಎಡಹೆಗಲು ಬಲಹೆಗಲಿಗಿಂತ ಎರಡು ಬೆರಳು ಮೇಲಿತ್ತು. ಊರಿನ ಮದುವೆಗಳಲ್ಲಿ ವರ್ಷಗಟ್ಟಲೆ ಫ್ಲ್ಯಾಷನ್ನು ಎಡಗೈಯಲ್ಲಿ ಎತ್ತಿ ಹಿಡಿದದ್ದರ ಗುರುತು ಅದು. ಉಳಿದ ಫೋಟೋದವರು ಫ್ಲ್ಯಾಷನ್ನು ಕ್ಯಾಮೆರಾದ ನೆತ್ತಿಗೇ ಸಿಕ್ಕಿಸಿ ಎಲ್ಲರ ಮುಖಕ್ಕೂ ಸುಣ್ಣ ಬಳಿದಂತೆ ಬೆಳಕು ಎರಚುತ್ತಿದ್ದರು. ಈ ಸ್ಟುಡಿಯೋದವರು ಮಾತ್ರ ಅದನ್ನು ಕಳಚಿ, ಉದ್ದನೆಯ ವೈರಿನ ತುದಿಯಲ್ಲಿ ತೋಳು ಚಾಚುವಷ್ಟು ದೂರ ಒಯ್ಯುತ್ತಿದ್ದರು. ಮಿಕ್ಕ ವೈರು ಕೊರಳಿಗೆ ಎರಡು ಸುತ್ತು. "ಬೆಳಕು ಎದುರಿಂದ ಬಂದ್ರೆ ಪೊಲೀಸ್ನೋರ ಥರ, ಪಕ್ಕದಿಂದ ಬಂದ್ರೆ ನೆಂಟ್ರ ಥರ" ಎನ್ನುತ್ತಿದ್ದರು. ವಧೂವರರ ಮೇಲೆ ಎರಚಿದ ಅಕ್ಷತೆ ಅವರ ಚಿತ್ರಗಳಲ್ಲಿ ಗಾಳಿಯಲ್ಲೇ ನಿಂತಿರುತ್ತಿತ್ತು, ಒಂದೊಂದು ಕಾಳೂ ಬಿಡಿಬಿಡಿಯಾಗಿ.

ಆ ಅಕ್ಷತೆಗೆ ಮರುಳಾಗಿಯೇ ನಾನು ಅವರ ಬಳಿ ಹೋದದ್ದು.

ಎಂಬತ್ತರ ದಶಕದ ಆರಂಭದ ಮಾತು. ನಾನು ಎಂ.ಎ. ಮುಗಿಸಿ ತುಮಕೂರಿನ ವಾರಪತ್ರಿಕೆಯೊಂದಕ್ಕೆ ಬರೆಯುತ್ತಿದ್ದೆ. ಯಾರನ್ನು ಬೇಕಾದರೂ ನಿಲ್ಲಿಸಿ ಉತ್ತರ ಕೇಳುವ ಹಕ್ಕು ಪದವಿಯ ಜೊತೆಗೇ ಬಂದಿದೆಯೆಂದು ನಂಬಿದ್ದೆ. ನಿಟ್ಟೂರಿನ ಆಚೆ ತೆಂಗಿನ ನಾರು ತೆಗೆಯುವ ಮಿಲ್ಲೊಂದರಲ್ಲಿ ಯಂತ್ರದ ಬೆಲ್ಟಿಗೆ ಸಿಕ್ಕಿ ಒಬ್ಬ ಹೆಂಗಸು ಬಲಗೈ ಕಳೆದುಕೊಂಡಿದ್ದಳು. ಬೆಲ್ಟಿಗೂ ಚಕ್ರಕ್ಕೂ ಹೊದಿಸಬೇಕಾದ ತಗಡಿನ ಕವಚ ಅಲ್ಲಿರಲಿಲ್ಲ. ವಾರ ಕಳೆಯುವುದರೊಳಗೆ ಅದೇ ಯಂತ್ರದ ಮುಂದೆ ಆಕೆಯ ತಂಗಿಯನ್ನು ಕೂರಿಸಿದರು. ಆಗಲೂ ಕವಚವಿರಲಿಲ್ಲ. ಮಿಲ್ಲಿನ ಸಾಹುಕಾರರು ಮಾತ್ರ, ಕವಚ ಹಾಕದೆ ಯಂತ್ರ ಓಡಿಸಿದ್ದೇ ಇಲ್ಲವೆಂದು ಹೇಳಿಕೆ ಕೊಟ್ಟಿದ್ದರು. ಆ ಸುಳ್ಳನ್ನು ಮುರಿಯುವ ಒಂದು ಫೋಟೋ ನನಗೆ ಬೇಕಿತ್ತು.

ಸಾಹುಕಾರರ ಮನೆಯ ಮದುವೆಗಳೆಲ್ಲ ಸ್ಟುಡಿಯೋದವರದ್ದೇ. ಹಾಗಾಗಿ ಮಿಲ್ಲಿನೊಳಗೆ ಹೋಗಲು ಅವರಿಗೆ ತಡೆಯಿರಲಿಲ್ಲ. ಹೋದರೆ ಆ ಮದುವೆಗಳು ಕೈಬಿಡುತ್ತವೆಂದೂ ಗೊತ್ತಿತ್ತು. ಅವರು ಕೇಳಿದ್ದು ಇಷ್ಟೇ: "ಆ ಹುಡುಗಿ ಇನ್ನೂ ಅಲ್ಲೇ ಕೂತವ್ಳಾ?"

"ಚಕ್ರ ಮತ್ತು ಬೆಲ್ಟು ಮಾತ್ರ ಸಾಕು. ಒಂದು ಕಡ್ಡಿಯೂ ಮಸುಕಾಗಬಾರದು. ಅಕ್ಷತೆಯ ಹಾಗೆ ಬರಬೇಕು" ಎಂದೆ.

"ಚಕ್ರಕ್ಕೆ ಫ್ಲ್ಯಾಷ್ ಹೊಡುದ್ರೆ ನಿಂತಂಗ್ ಕಾಣ್ತದೆ, ಮೇಡಮ್ಮೋರೆ. ಓಡೋದು ಓಡ್ದಂಗೇ ಕಾಣ್ಬೇಕಲ್ವಾ?"

"ಮಸುಕು ಚಿತ್ರವನ್ನು ಯಾವ ಅಧಿಕಾರಿಯೂ ನಂಬುವುದಿಲ್ಲ."

ಓದಿದವಳ ದನಿಯಲ್ಲಿ ಹೇಳಿದೆ. ಅವರು ನಾನು ಕೇಳಿದಂತೆಯೇ ತೆಗೆದುಕೊಟ್ಟರು.

ತುಮಕೂರಿನ ಕಾರ್ಖಾನೆ ಇಲಾಖೆಯ ಕಚೇರಿಯಲ್ಲಿ ಸಾಹುಕಾರರು ಆ ಫೋಟೋದ ಮೇಲೆ ಉಗುರಿಟ್ಟು ಎಣಿಸಿದರು. "ಆರು, ಏಳು, ಎಂಟು. ಓಡೋ ಚಕ್ರದಲ್ಲಿ ಕಡ್ಡಿ ಎಣಿಸೋಕಾಯ್ತದಾ ಸಾರ್? ಮಿಷಿನ್ ನಿಲ್ಸಿ, ಕವಚ ಬಿಚ್ಚಿ ಗ್ರೀಸ್ ಹಾಕೋವಾಗ ತೆಗ್ದವ್ರೆ." ಅಧಿಕಾರಿ ಫೋಟೋವನ್ನು ಪಕ್ಕಕ್ಕೆ ಸರಿಸಿ, "ಸೋಮವಾರ ನಾನೇ ಬಂದು ನೋಡ್ತೀನಿ" ಎಂದರು. ದಿನ ತಿಳಿಸಿ ಬರುವುದನ್ನು ತಪಾಸಣೆ ಎನ್ನುವುದಾದರೂ ಹೇಗೆ? ಸೋಮವಾರ ಕವಚ ಇರುತ್ತದೆ. ಮಂಗಳವಾರ ಮತ್ತೆ ಮೂಲೆ ಸೇರುತ್ತದೆ.

ಹೊರಗೆ ಬಂದಾಗ ಸ್ಟುಡಿಯೋದವರು, "ಶನಿವಾರ ಹೋಗಣ. ಈ ಸಲ ನಾನ್ ಹೇಳ್ದಂಗೆ" ಎಂದರು.

ಶನಿವಾರ ಮಧ್ಯಾಹ್ನ ಹಿಂಬಾಗಿಲು ತೆರೆದವಳು ಆ ತಂಗಿಯೇ. "ಬಿರ್ನೆ ಬನ್ನಿ ಅಣ್ಣಾ, ಯಜಮಾನ್ರು ಊಟಕ್ಕೋಗವ್ರೆ" ಎಂದವಳು ಮತ್ತೆ ಯಂತ್ರದ ಮುಂದೆ ಕೂತಳು. ಅವರು ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಬಿಗಿದರು. ಶಟರ್ ಅರ್ಧ ಸೆಕೆಂಡು ತೆರೆದಿರಬೇಕು. ಗಾಜಿನ ಹೆಂಚಿನಿಂದ ಇಳಿಯುವ ಬೆಳಕಿನಲ್ಲಿ ಚಕ್ರ ತನ್ನಷ್ಟಕ್ಕೆ ಮಸುಕಾಗಬೇಕು. ಫ್ಲ್ಯಾಷ್ ಮಾತ್ರ ಚಕ್ರವನ್ನು ಮುಟ್ಟದೆ ಹುಡುಗಿಯ ಕೈಯ ಮೇಲಷ್ಟೇ ಬೀಳಬೇಕು. ಅದಕ್ಕೆ ಅವರ ಎಡಗೈ ಬೆಲ್ಟಿಗೂ ಅವಳ ಕೈಗೂ ನಡುವೆ ಹೋಗಬೇಕಿತ್ತು.

ಕೊರಳಿನ ವೈರನ್ನು ಬಿಚ್ಚಿ ನನ್ನ ಕೈಗೆ ಕೊಟ್ಟರು. "ಇದು ಬೆಲ್ಟಿಗೆ ಸಿಕ್ಕೊಂಡ್ರೆ ನನ್ ತಲೇನೂ ಹೋಯ್ತದೆ. ಎಂಗಾದ್ರೂ ಹಿಡ್ಕಳಿ. ಸಡ್ಲ ಮಾತ್ರ ಬುಡಬೇಡಿ." ಹುಡುಗಿಗೆ, "ನನ್ ಕಡೆ ನೋಡ್ಬೇಡ ಕಣವ್ವಾ. ನಿನ್ ಕೈ ನೋಡ್ಕೊ" ಎಂದರು.

ಒಂದು ಮಿಂಚು. ಫ್ಲ್ಯಾಷ್ ಚಾರ್ಜಾಗಿ ಅದರ ಕೆಂಪು ದೀಪ ಮತ್ತೆ ಹತ್ತುವವರೆಗೆ ಅವರ ಕೈ ಅಲ್ಲೇ ಇರಬೇಕು. ಎರಡನೆಯದು. ಮೂರನೆಯದಕ್ಕೆ ಅವರ ಅಂಗಿತೋಳಿನ ಅಂಚು ಬೆಲ್ಟಿಗೆ ತಾಕಿ ಗುಂಡಿ ಕಿತ್ತು ಎಲ್ಲೋ ಹಾರಿತು. ಅವರು ಕೈ ಹಿಂತೆಗೆಯಲಿಲ್ಲ. ವೈರು ನನ್ನ ಅಂಗೈಯ ಬೆವರಿನಲ್ಲಿ ಜಾರುತ್ತಿತ್ತು.

ನಾಲ್ಕನೆಯದು ಮುಗಿಯುವಾಗ ಸಾಹುಕಾರರು ಬಾಗಿಲಲ್ಲಿ ನಿಂತಿದ್ದರು. "ಏನ್ರೀ, ಯಾರ ಮದ್ವೇಗ್ ಬಂದ್ರಿ?"

"ಇವ್ಳದ್ದೇ ಆಗ್ಬೇಕಲ್ಲಾ ಸ್ವಾಮಿ. ಹಿಡಿಯೋನ್ಗೆ ಕೈ ಇರ್ಲಿ ಅಂತ ಬಂದೆ" ಎಂದವರು ಕ್ಯಾಮೆರಾ ಹೊತ್ತು ನನ್ನೊಂದಿಗೆ ಹಿಂಬಾಗಿಲಿಂದ ಹೊರಬಿದ್ದರು.

ಸೋಮವಾರ ಮಿಲ್ಲಿಗೆ ಬಂದ ಅಧಿಕಾರಿ ಆ ಚಿತ್ರವನ್ನು ಬಹಳ ಹೊತ್ತು ನೋಡಿದರು. ಚಕ್ರವಿದ್ದ ಕಡೆ ಬೂದು ಹೊಗೆ. ಅದರಿಂದ ಗೇಣು ದೂರದಲ್ಲಿ ಹುಡುಗಿಯ ಕೈ, ಐದು ಬೆರಳು, ಗಾಳಿಯಲ್ಲಿ ನಿಂತ ನಾರಿನ ಎಳೆಗಳು. ಈ ಸಲ ಯಾರೂ ಏನನ್ನೂ ಎಣಿಸಲಿಲ್ಲ. ಕವಚವನ್ನು ಬಿಚ್ಚಲಾಗದಂತೆ ಅವತ್ತೇ ಬೆಸುಗೆ ಹಾಕಿಸಿದರು.

ನಾನು ಪತ್ರಿಕೆಯಲ್ಲಿ ಎರಡು ಪುಟ ಬರೆದೆ. ಅದರಲ್ಲೊಂದು ವಾಕ್ಯವಿತ್ತು: "ಛಾಯಾಗ್ರಾಹಕರ ತಾಂತ್ರಿಕ ದೋಷದಿಂದ ಮೊದಲ ಚಿತ್ರ ವಿಫಲವಾಯಿತು."

ಗುಬ್ಬಿಯಲ್ಲಿ ಅವರನ್ನು ಮದುವೆಗಳಿಗೆ ಕರೆಯುವುದು ನಿಂತಿತು. ಸಾಹುಕಾರರ ಸಿಟ್ಟು ಒಂದು ಕಾರಣ, ನನ್ನ ವಾಕ್ಯ ಇನ್ನೊಂದು. ಅವರು ಕುಣಿಗಲ್ಲಿಗೆ ಹೋಗಿ ಸಣ್ಣ ಅಂಗಡಿ ಹಾಕಿದರು. ಒಮ್ಮೆ ಹೋದಾಗ ಅಲ್ಲಿನ ಕುದುರೆ ಫಾರಂನ ಮರಿಯೊಂದರ ಚಿತ್ರ ತೋರಿಸಿದರು. ನಾಲ್ಕು ಗೊರಸೂ ನೆಲ ಬಿಟ್ಟಿದ್ದವು, ಬಾಲ ಮಾತ್ರ ಮಸುಕು. ನಾನು ಆ ವಾಕ್ಯದ ಮಾತೆತ್ತಿದೆ. "ಓದ್ದೆ. ಅಕ್ಷರ ಚೆನ್ನಾಗಿ ಮೂಡಿತ್ತು ಬುಡಿ" ಎಂದು ಟೀ ತರಿಸಿದರು. ಊರಿಗೆ ಮರಳಿ ತಿದ್ದುಪಡಿ ಬರೆಯಬಹುದಿತ್ತು. ಬರೆಯಲಿಲ್ಲ.

ಹೋದ ತಿಂಗಳು ಅವರು ತೀರಿಕೊಂಡರು. ಮಲಗಿಸಿದಾಗಲೂ ಎಡಹೆಗಲು ಮೇಲೇ ಇತ್ತು. ನಿಟ್ಟೂರಿನಿಂದ ಬಂದಿದ್ದ ಆ ತಂಗಿ ಎರಡೂ ಕೈಗಳಿಂದ ಅದನ್ನು ಮೆಲ್ಲಗೆ ಒತ್ತಿ ಸಮ ಮಾಡಲು ನೋಡಿದಳು. ಆಗಲಿಲ್ಲ.

ಸಾಹುಕಾರರಿಂದ ಉತ್ತರ ಕೇಳಿದವಳು ನಾನು, ಅಧಿಕಾರಿಯಿಂದಲೂ ಕೇಳಿದವಳು; ನಾನೇ ಕೊಡಬೇಕಾದ ಉತ್ತರ ಬಾಕಿಯಿತ್ತು. ಆ ಪತ್ರಿಕೆ ಈಗಿಲ್ಲ. ಆದ್ದರಿಂದ ತಿದ್ದುಪಡಿಯನ್ನು ಇಲ್ಲಿಯೇ ಕೊಡುತ್ತಿದ್ದೇನೆ. ಚಕ್ರ ನಿಂತಂತೆ ಕಾಣುತ್ತದೆಂದು ಅವರು ಮೊದಲೇ ಹೇಳಿದ್ದರು. ದೋಷ ನನ್ನದು.