ಹೆಂಡತಿಗೆ ಅರ್ಧ ಟಿಕೆಟ್

ಕೌಂಟರಿನ ಪೆನ್ನಿಗೆ ಕಟ್ಟಿದ್ದ ದಾರ ತೀರ ಗಿಡ್ಡವಾಗಿದ್ದುದರಿಂದ ಅಪ್ಪ ಬಗ್ಗಿಯೇ ಹೆಸರುಗಳನ್ನು ಬರೆಯಬೇಕಾಯಿತು. ಸಿಂಗಪುರಕ್ಕೆ ನಾವು ಹಿಡಿಯಬೇಕಾದ ಹಡಗು ಮದ್ರಾಸಿನಿಂದ ಹೊರಡುತ್ತದೆ. ಅಪ್ಪನಿಗೂ ಅಣ್ಣನಿಗೂ ರಜೆ ಕಡಿಮೆ. ಅಲ್ಲಿಯವರೆಗೆ ಮನೆಯ ಐವರೂ ವಿಮಾನದಲ್ಲೇ ಹೋಗೋಣವೆಂದು ಅಗ್ಗದ ಟಿಕೆಟ್ ಹುಡುಕುತ್ತ ಘಾಟ್ಕೋಪರಿನಿಂದ ಹೊರಟವರು ಈ ಮೂರನೆಯ ಕಚೇರಿಗೆ ಬಂದಿದ್ದೆವು.

ಗುಮಾಸ್ತ ನಮ್ಮ ಧಾರವಾಡದ ಕಡೆಯವನೇ. "ಗಂಡನ ಜೋಡಿ ಹೋದ್ರ ಹೆಂಡ್ತಿಗೆ ಅರ್ಧಾ ಟಿಕೆಟ್ ರೀ, ಸಾಹೇಬ್ರ. ಈ ಅಕ್ಕಾರ್ದು ಮಾತ್ರ ಫುಲ್."

"ಲಗ್ನಾ ಮಾಡ್ಕೊಂಡಿದ್ರ ನಿನಗೂ ಅರ್ಧಾ ಆಗ್ತಿತ್ತು ನೋಡು, ಸುಮಾ!" ಎಂದು ಅಣ್ಣನ ಹೆಂಡತಿ ನಕ್ಕರು. ಅವ್ವನೂ ನಕ್ಕಳು.

ಅಪ್ಪ ನಾಲ್ಕು ಹೆಸರು ಬರೆದು ಪೆನ್ನು ಕೆಳಗಿಟ್ಟರು. "ನೀ ಟ್ರೇನಿನಾಗ ಮುಂಚೇನ ಹೋಗವಾ. ಓದಿದಾಕಿ, ನಿನಗೇನ್ ಅಂಜಿಕಿ?"

ಹೋದ ವರ್ಷ ಪುಣೆಯ ಕಾಲೇಜಿನಲ್ಲಿ ಕೆಲಸ ಸಿಕ್ಕಾಗ, ಹೆಣ್ಣುಮಗಳು ಒಬ್ಬಳೇ ಅಷ್ಟು ದೂರ ಹೋಗುವುದು ಬೇಡವೆಂದು ತಡೆದವರು ಇದೇ ಅಪ್ಪ. "ಆತು" ಎಂದಷ್ಟೇ ಅಂದೆ.

ಮರುದಿನ ಬೆಳಿಗ್ಗೆ ಯಾರಿಗೂ ಹೇಳದೆ ಹಡಗು ಕಂಪನಿಯ ಕಚೇರಿಗೆ ಹೋಗಿ ನನ್ನ ಸಿಂಗಪುರದ ಟಿಕೆಟನ್ನು ರದ್ದು ಮಾಡಿಸಿದೆ.